ತೊಳೆದ ಮಣ್ಣು ಎಲ್ಲಿ ಹಾಕ್ತಾರಂತೆ?

ಏಪ್ರಿಲ್‌ನಲ್ಲಿ ಆಂಕರೇಜ್ ಊರು ನೋಡುವ ಹಾಗಿರುವುದಿಲ್ಲ. ಹಿಮ ಕರಗುತ್ತಿರುತ್ತದೆ. ಆರು ತಿಂಗಳು ಅದರಡಿ ಮುಚ್ಚಿಹೋಗಿದ್ದ ಕಸ, ನಾಯಿಗಳ ಗಲೀಜು, ಯಾರದೋ ಒಂಟಿ ಕೈಗವಸು ಎಲ್ಲ ಒಂದೇ ಸಲ ಮೇಲೆ ಬರುತ್ತವೆ. 2019ರ ಅಂಥದ್ದೊಂದು ದಿನ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನವಳು, "ಸಂಜೆ ಗಣಿ ಬಗ್ಗೆ ಸಭೆ ಇದೆ, ನಾನು ಮಾತಾಡಬೇಕು, ಜೊತೆಗೆ ಬರ್ತೀಯಾ?" ಅಂತ ಕೇಳಿದಳು. ನಾನು ಅಲಾಸ್ಕಾಕ್ಕೆ ಬಂದು ಆಗ ಎರಡೇ ವರ್ಷ. ಹೂಂ ಅಂದೆ. ಏನಾದರೂ ತಿನ್ನೋಕೆ ಕೊಡಬಹುದು ಅನ್ನೋ ಆಸೆಯೂ ಇತ್ತು ಅನ್ನಿ. ಕೊಡಲಿಲ್ಲ.

ಇವಳ ಬಗ್ಗೆ ಸ್ವಲ್ಪ ಹೇಳಬೇಕು. ವರ್ಷದ ಹತ್ತೂವರೆ ತಿಂಗಳು ನನ್ನ ಹಾಗೇ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ನೋಡುವವಳು. ಜೂನ್ ನಡುವಿಗೆ ಬಂತೆಂದರೆ ರಜೆ ಹಾಕಿ ನ್ಯಾಕ್‌ನೆಕ್ ಅನ್ನುವ ಕಡಲೂರಿಗೆ ವಿಮಾನ ಹತ್ತುತ್ತಾಳೆ. ಆ ಊರಿಗೆ ಆಂಕರೇಜ್‌ನಿಂದ ರಸ್ತೆಯೇ ಇಲ್ಲ. ಅಲ್ಲಿ ಅವಳ ಅಜ್ಜಿಯ ಕಾಲದಿಂದ ಒಂದು ಬಲೆಯ ಜಾಗ ಇದೆ. ಬಲೆಯ ಒಂದು ತುದಿ ದಡಕ್ಕೆ, ಇನ್ನೊಂದು ತುದಿ ನೀರಿನೊಳಗೆ. ಮೂರಾಳು ಎತ್ತರ ಏರಿ ಇಳಿಯುವ ಭರತದ ಜೊತೆ ಸಾಲ್ಮನ್ ಬಂದು ಸಿಕ್ಕಿಕೊಳ್ಳುತ್ತದೆ. ಹಗಲು ರಾತ್ರಿ ಎನ್ನದೆ ಒಂದೊಂದೇ ಮೀನು ಬಿಡಿಸಬೇಕು. ಜುಲೈ ಕೊನೆಗೆ ಆಫೀಸಿಗೆ ವಾಪಸ್ ಬಂದಾಗ ಅವಳಿಗೆ ಮುಷ್ಟಿ ಕಟ್ಟಲು ಬರುವುದಿಲ್ಲ. ಬೆರಳು ಅಷ್ಟು ಊದಿರುತ್ತವೆ. ಒಂದು ವಾರ ಕಾಫಿ ಲೋಟವನ್ನು ಎರಡೂ ಅಂಗೈ ನಡುವೆ ಇಟ್ಟುಕೊಂಡು ಕುಡಿಯುತ್ತಾಳೆ. ಮ್ಯಾನೇಜರ್ ಆ ರಜೆಗೆ ಚಕಾರ ಎತ್ತುವುದಿಲ್ಲ. ನಮ್ಮ ಕಡೆ ನಾಟಿ ಅಂದರೆ ಯಾರೂ ಮರುಮಾತಾಡುವುದಿಲ್ಲವಲ್ಲ, ಹಾಗೆ.

ನ್ಯಾಕ್‌ನೆಕ್ ಇರುವುದು ಬ್ರಿಸ್ಟಲ್ ಬೇ ಎಂಬ ಕೊಲ್ಲಿಯ ದಡದಲ್ಲಿ. ಜಗತ್ತಿನ ಸಾಕೈ ಸಾಲ್ಮನ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಬರುವುದು ಈ ಒಂದೇ ಕೊಲ್ಲಿಗೆ. ಸಾಕೈ ಅಂದರೆ ಕೆಂಪು ಮಾಂಸದ ಸಾಲ್ಮನ್. ಹೊಳೆಯ ಜಲ್ಲಿಯೊಳಗೆ ಮೊಟ್ಟೆಯೊಡೆದು, ಒಂದೆರಡು ವರ್ಷ ಸರೋವರದಲ್ಲಿ ಬೆಳೆದು, ಸಮುದ್ರಕ್ಕೆ ಹೋಗಿ, ಎರಡು ಮೂರು ವರ್ಷದ ಮೇಲೆ ಹುಟ್ಟಿದ ಹೊಳೆಗೇ ವಾಪಸ್ ಬರುತ್ತದೆ. ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಕಡಲಿಂದ ಒಳಕ್ಕೆ ಬಂದ ಮೇಲೆ ತನ್ನ ಹೊಳೆ ಯಾವುದು ಅಂತ ಗುರುತಿಸುವುದು ವಾಸನೆಯಿಂದ. ನೀರಿನಲ್ಲಿ ನೂರು ಕೋಟಿಗೆ ಕೆಲವೇ ಪಾಲು ತಾಮ್ರ ಜಾಸ್ತಿಯಾದರೂ ಆ ಮೂಗು ಮಂಕಾಗುತ್ತದೆ.

ಈಗ ಆ ಹೊಳೆಗಳ ತಲೆ ಹತ್ತಿರ, ಇಲಿಯಾಮ್ನಾ ಸರೋವರದ ಉತ್ತರಕ್ಕೆ, ನೆಲದಡಿ ಸಿಕ್ಕಿರುವುದು ಏನು ಅಂದರೆ ತಾಮ್ರ! ಜೊತೆಗೆ ಚಿನ್ನ, ಮಾಲಿಬ್ಡಿನಮ್. ನುಶಗಾಕ್ ಮತ್ತು ಕ್ವಿಜಾಕ್ ಎಂಬ ಎರಡು ದೊಡ್ಡ ಸಾಲ್ಮನ್ ನದಿಗಳಿಗೆ ನೀರು ಹೋಗುವುದು ಅಲ್ಲಿಂದ. ಅಲ್ಲಿ ತೋಡಬೇಕು ಅಂತಿರುವ ಗಣಿಯ ಹೆಸರು ಪೆಬಲ್. ಪೆಬಲ್ ಅಂದರೆ ಸಣ್ಣ ಗುಂಡುಕಲ್ಲು. ಗುಂಡಿ ಮಾತ್ರ ಒಂದು ಮೈಲಿಗಿಂತ ಅಗಲ, ಅರ್ಧ ಕಿಲೋಮೀಟರಿಗಿಂತ ಆಳ. ಹೆಸರಿಟ್ಟವರಿಗೆ ತಮಾಷೆ ಗೊತ್ತಿತ್ತು ಅನ್ನಿಸುತ್ತದೆ.

ಸಭೆ ನಡೆದದ್ದು ಡೌನ್‌ಟೌನ್‌ನ ಡೆನಾಯ್ನಾ ಸೆಂಟರ್‌ನಲ್ಲಿ. ಡೆನಾಯ್ನಾ ಅಂದರೆ ಈ ನೆಲದ ಮೂಲ ಜನ. ಇಲಿಯಾಮ್ನಾ ಸುತ್ತಲೂ ಅವರ ಹಳ್ಳಿಗಳಿವೆ. ಗಣಿಗೆ ಪರ್ಮಿಟ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಕೆಲಸ ಅಮೆರಿಕದ ಸೇನೆಯ ಇಂಜಿನಿಯರುಗಳ ವಿಭಾಗದ್ದು. 2017ರ ಡಿಸೆಂಬರ್‌ನಲ್ಲಿ ಅರ್ಜಿ ಬಿದ್ದಿತ್ತು. 2019ರ ಫೆಬ್ರವರಿಯಲ್ಲಿ ಪರಿಸರ ವರದಿಯ ಕರಡು ಬಂದಿತ್ತು. ಸಾವಿರಕ್ಕೂ ಜಾಸ್ತಿ ಪುಟ. ಅದರ ಮೇಲೆ ಜನ ಏನು ಹೇಳುತ್ತಾರೆ ಅಂತ ಕೇಳಲು ಹಳ್ಳಿ ಹಳ್ಳಿಗೆ ಹೋಗಿ ಕೊನೆಗೆ ಆಂಕರೇಜ್‌ಗೆ ಬಂದಿದ್ದರು.

ದೊಡ್ಡ ಹಾಲ್. ಮುಂದೆ ಮೇಜು, ಮಿಲಿಟರಿ ಸಮವಸ್ತ್ರದವರು. ಎದುರಿಗೆ ಮೈಕು. ಒಬ್ಬೊಬ್ಬರಿಗೂ ಕೆಲವೇ ನಿಮಿಷ. ಸಮಯ ಆಯ್ತು ಅಂದರೆ ಆಯ್ತು, ಅಜ್ಜಿಯಾದರೂ ಸರಿ, ಶಾಸಕನಾದರೂ ಸರಿ. ಇದು ನನಗೆ ತುಂಬ ಹಿಡಿಸಿತು. ನಮ್ಮಲ್ಲಿ ವೇದಿಕೆಯ ಮೇಲಿದ್ದವರ ಹೆಸರು ಓದುವುದಕ್ಕೇ ಅಷ್ಟು ಹೊತ್ತು ಬೇಕು. ಅಲ್ಲಿ ವೇದಿಕೆಯವರು ಬಾಯೇ ಬಿಡಲಿಲ್ಲ. ಕೇಳಿದರು, ಬರೆದುಕೊಂಡರು, ಅಷ್ಟೆ.

ಪೆಬಲ್ ಹೆಸರಿನ ಮೇಲೆ ಕೆಂಪು ಗೆರೆ ಎಳೆದ ಸ್ಟಿಕರ್ ಅಂಟಿಸಿಕೊಂಡವರೇ ಜಾಸ್ತಿ. ಆ ಸ್ಟಿಕರ್ ಇಲ್ಲಿ ಎಲ್ಲೆಲ್ಲೂ ಇದೆ, ಪಿಕಪ್‌ಗಳ ಹಿಂದೆ, ದೋಣಿಗಳ ಮೇಲೆ, ಹೋಟೆಲ್ ಬಾಗಿಲಲ್ಲಿ. ರಿಪಬ್ಲಿಕನ್ ಪಕ್ಷದವರ ಗಾಡಿಯ ಮೇಲೂ ಇದೆ. ಇಡೀ ರಾಜ್ಯ ನಡೆಯುವುದೇ ಎಣ್ಣೆಯ ದುಡ್ಡಿನಲ್ಲಿ, ಆದರೂ ಈ ಗಣಿ ಮಾತ್ರ ಬೇಡ ಅನ್ನುವವರು ಇಷ್ಟು ಜನ. ದೋಣಿಯವರು ಮಾತಾಡಿದರು. ಯೂಪಿಕ್ ಎಂಬ ಇನ್ನೊಂದು ಮೂಲ ಜನದ ಹಿರಿಯರೊಬ್ಬರು ಮೊದಲು ತಮ್ಮ ಭಾಷೆಯಲ್ಲಿ ಮಾತಾಡಿ ಆಮೇಲೆ ಇಂಗ್ಲಿಷಿಗೆ ಬಂದರು. ಹುಡುಗನೊಬ್ಬ ಕಾಗದ ಹಿಡಿದು ನಡುಗುತ್ತಾ ಓದಿದ. ಮೂರು ನಾಲ್ಕು ಜನ ಮೌಂಟ್ ಪಾಲಿ ಅಂದರು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿರುವ ತಾಮ್ರದ ಗಣಿ ಅದು. 2014ರ ಆಗಸ್ಟ್ 4ರಂದು ಅದರ ಕೆಸರಿನ ಅಣೆಕಟ್ಟು ಒಡೆದು ಸುಮಾರು ಎರಡೂವರೆ ಕೋಟಿ ಘನ ಮೀಟರ್ ನೀರು, ಕೆಸರು ಹೊರಬಿತ್ತು. ಹೋಗಿ ಸೇರಿದ್ದು ಕ್ವೆನೆಲ್ ಸರೋವರಕ್ಕೆ. ಅದೂ ಸಾಕೈ ಬರುವ ಸರೋವರ.

ಇದೆಲ್ಲ ಕೇಳುತ್ತಾ ನಾನು ಅಲ್ಲಿನವರ ಜೊತೆ ತಲೆಯಾಡಿಸುತ್ತಿದ್ದೆ. ಆಮೇಲೆ ಒಬ್ಬ ಎದ್ದು ಬಂದ. ನಲವತ್ತರ ಆಸುಪಾಸು. ಇಲಿಯಾಮ್ನಾ ಸರೋವರದ ದಡದ ಹಳ್ಳಿಯವನು, ಅಲ್ಲಿಯದೇ ಮೂಲ ಜನ. ಗಣಿ ಬೇಕು ಅಂದ. ಹಾಲ್‌ನಲ್ಲಿ ಗುಸುಗುಸು ಶುರುವಾಯಿತು. ಅವನು ತಲೆ ಎತ್ತಲಿಲ್ಲ. ಕೊಲ್ಲಿಯ ಮೀನಿನ ದುಡ್ಡು ಕೊಲ್ಲಿಯಲ್ಲೇ ಉಳಿಯುತ್ತದೆ, ಸರೋವರದ ತನಕ ಬರುವುದಿಲ್ಲ ಅಂದ. ಹಾಲು, ಪೆಟ್ರೋಲು ಎಲ್ಲ ವಿಮಾನದಲ್ಲಿ ಬರಬೇಕು. ಸಮೀಕ್ಷೆಯ ಕೆಲಸ ಇದ್ದ ವರ್ಷಗಳಲ್ಲಿ ಊರಲ್ಲಿ ಹುಡುಗರು ಇದ್ದರು, ಈಗ ಇಲ್ಲ ಅಂದ. ಅಲಾಸ್ಕಾದಲ್ಲಿ ಒಂದು ನಿಯಮ ಇದೆ. ಶಾಲೆಯಲ್ಲಿ ಹತ್ತು ಮಕ್ಕಳಿಗಿಂತ ಕಮ್ಮಿಯಾದರೆ ಸರ್ಕಾರದ ದುಡ್ಡು ಕಡಿತ, ಅಲ್ಲಿಗೆ ಶಾಲೆ ಮುಚ್ಚಿದ ಹಾಗೇ. "ನಮ್ಮ ಪಕ್ಕದ ಹಳ್ಳಿಯಲ್ಲಿ ಹತ್ತನೇ ಮಗುವನ್ನು ಹುಡುಕುತ್ತಿದ್ದಾರೆ" ಅಂದ. ಸಮಯ ಮುಗಿಯಿತು. ಚಪ್ಪಾಳೆ ಎರಡೋ ಮೂರೋ.

ನಾನು ಎದ್ದು ಹೊರಗೆ ಬಂದೆ.

ಯಾಕಂದರೆ ನಾನು ಗಣಿಯ ಅನ್ನ ಉಂಡು ಬೆಳೆದವನು. ಅಪ್ಪ ಕುದುರೆಮುಖದಲ್ಲಿ ಶಿಫ್ಟ್ ಕೆಲಸದಲ್ಲಿದ್ದರು, ಅದಿರನ್ನು ಪುಡಿ ಮಾಡಿ ತೊಳೆಯುವ ಪ್ಲಾಂಟಿನಲ್ಲಿ. ಕ್ವಾರ್ಟರ್ಸ್, ಸ್ಕೂಲು, ಆಸ್ಪತ್ರೆ, ಶನಿವಾರದ ಸಿನಿಮಾ ಎಲ್ಲ ಗಣಿಯ ದಯೆ. ಚಿಕ್ಕಪ್ಪನದು ಭದ್ರಾ ಹೊಳೆಯ ಬದಿ ಅಡಿಕೆ ತೋಟ. ಅವರು ಗಣಿ ನಿಲ್ಲಿಸಿ ಅಂತ ಮೆರವಣಿಗೆಯಲ್ಲಿ ಹೋಗುತ್ತಿದ್ದರು. 2002ರ ಕೊನೆಗೆ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಡಿಸೆಂಬರ್ ಮುಗಿಯುವಷ್ಟರಲ್ಲಿ ನಿಲ್ಲಿಸಬೇಕು ಅಂತ. ಆ ನಡುವೆ ಕಳಸದಲ್ಲಿ ಒಂದು ಮದುವೆಯಾಯಿತು. ಅಪ್ಪ, ಚಿಕ್ಕಪ್ಪ ಎದುರುಬದುರು ಪಂಕ್ತಿಯಲ್ಲಿ ಕೂತಿದ್ದರು. ಹೋಳಿಗೆ ಬಂದು ಹೋಯಿತು, ಪಾಯಸ ಬಂದು ಹೋಯಿತು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಊಟದ ನಡುವೆ ಎದ್ದು ಹೋಗುವ ಹಾಗಿಲ್ಲವಲ್ಲ, ಪಾಪ. ಇಬ್ಬರೂ ಎಲೆ ನೋಡಿಕೊಂಡೇ ಮುಗಿಸಿದರು.

ಆಂಕರೇಜ್‌ನಲ್ಲಿ ಸಂಜೆ ಆರು ಗಂಟೆ. ಅಂದರೆ ಊರಲ್ಲಿ ಬೆಳಿಗ್ಗೆ ಏಳೂವರೆ, ಅಪ್ಪ ಜಗಲಿಯಲ್ಲಿ ಕಾಫಿ ಹಿಡಿದು ಕೂತಿರುವ ಹೊತ್ತು. ಫೋನ್ ಮಾಡಿದೆ. ಮೀನು, ಕೆಲಸ, ಹತ್ತು ಮಕ್ಕಳು, ಎಲ್ಲ ಹೇಳಿದೆ. ಅಪ್ಪ ಕೇಳಿಸಿಕೊಂಡರು. ಗಣಿಯ ಪರವಾಗಿ ಏನಾದರೂ ಅನ್ನುತ್ತಾರೆ ಅಂತ ಕಾದೆ.

"ಅದೆಲ್ಲ ಸರಿ ಮಾರಾಯ," ಅಂದರು. "ತೊಳೆದ ಮಣ್ಣು ಎಲ್ಲಿ ಹಾಕ್ತಾರಂತೆ?"

"ಅಣೆಕಟ್ಟು ಕಟ್ಟಿ ಅದರ ಹಿಂದೆ."

"ತಾಮ್ರ ಎಷ್ಟು ಪರ್ಸೆಂಟು?"

ಗೊತ್ತಿರಲಿಲ್ಲ. ಒಳಗೆ ಇಟ್ಟಿದ್ದ ಹಾಳೆಯೊಂದನ್ನು ತಂದು ನೋಡಿದೆ. ಅರ್ಧ ಪರ್ಸೆಂಟೂ ಇಲ್ಲ. ನೂರು ಕೆಜಿ ಕಲ್ಲು ಪುಡಿ ಮಾಡಿದರೆ ಅರ್ಧ ಕೆಜಿ ತಾಮ್ರವೂ ಬರುವುದಿಲ್ಲ. ದಿನಕ್ಕೆ 1,80,000 ಟನ್ ಅರೆಯುವ ಯೋಜನೆ.

ಅಪ್ಪ ಒಂದು ಗುಟುಕು ಕಾಫಿ ಕುಡಿದದ್ದು ಕೇಳಿಸಿತು. "ನಮ್ದು ಮೂವತ್ತು ಪರ್ಸೆಂಟಿನ ಮೇಲಿತ್ತು. ಹಾಗಿದ್ರೂ ಲಕ್ಯಾ ಡ್ಯಾಮ್ ತುಂಬ್ತು. ನಾವೆಲ್ಲ ರಿಟೈರ್ ಆದ್ವಿ. ಅದಕ್ಕೆ ರಿಟೈರ್‌ಮೆಂಟ್ ಇಲ್ಲ."

ಲಕ್ಯಾ ಡ್ಯಾಮನ್ನು ನೋಡಿದವರಿಗೆ ಗೊತ್ತು. ಸುಮಾರು ನೂರು ಮೀಟರ್ ಎತ್ತರ. ಅದರ ಹಿಂದೆ ಇರುವುದು ಗಣಿಯ ನುಣ್ಣನೆಯ ಕೆಸರು. ವರ್ಷಕ್ಕೆ ಆರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಾಗದಲ್ಲಿ ಅದನ್ನು ಇವತ್ತಿಗೂ ಯಾರೋ ಕಾಯುತ್ತಲೇ ಇರಬೇಕು. ಕುದುರೆಮುಖದ್ದು ಕಬ್ಬಿಣ. ಪೆಬಲ್‌ನ ಕಲ್ಲಿನಲ್ಲಿ ಗಂಧಕ ಇದೆ. ಗಾಳಿ ನೀರು ಸೋಕಿದರೆ ಆಮ್ಲ ಬಿಡುತ್ತದೆ, ಆಮ್ಲದಲ್ಲಿ ತಾಮ್ರ ಕರಗುತ್ತದೆ. ಅಂದರೆ ಆ ಮಣ್ಣಿನ ಒಂದು ಭಾಗವನ್ನು ನೀರಿನಡಿಯಲ್ಲೇ ಇಡಬೇಕು, ಬಸಿದ ನೀರನ್ನು ಶುದ್ಧ ಮಾಡುತ್ತಲೇ ಇರಬೇಕು. ಗಣಿಗಾರಿಕೆ 20 ವರ್ಷ. ಕಾವಲು ಎಷ್ಟು ವರ್ಷ ಅಂತ ಕೇಳಬೇಡಿ. ಒಳಗೆ ಮೀನು ಮೇಲೋ ಕೆಲಸ ಮೇಲೋ ಅಂತ ಎರಡು ಗಂಟೆ ಕೇಳಿದ್ದೆ. ಗಣಿಯಲ್ಲಿ ಮೈ ಸವೆಸಿದವರು ಮೊದಲು ಕೇಳಿದ್ದು ಕೆಸರಿನ ಲೆಕ್ಕ.

ವಾಪಸ್ ಒಳಗೆ ಹೋದಾಗ ಅವಳ ಸರದಿ ಬಂದಿತ್ತು. ರಾತ್ರಿಯೆಲ್ಲ ಬರೆದ ಹಾಳೆ ಕೈಯಲ್ಲಿತ್ತು. ಓದಲಿಲ್ಲ. ಅಜ್ಜಿ ಹೇಗೆ ಬಲೆ ಹೊಲಿಯುತ್ತಿದ್ದಳು ಅಂತ ಹೇಳಲು ಶುರು ಮಾಡಿದಳು. ಅಲ್ಲಿಗೇ ಸಮಯ ಮುಗಿಯಿತು. ಗಣಿ ಅನ್ನುವ ಮಾತೇ ಬರಲಿಲ್ಲ. ಕಾರಿನಲ್ಲಿ ಕೂತು, "ಎಲ್ಲ ಹಾಳು ಮಾಡಿದೆ" ಅಂತ ಅತ್ತಳು. ಎಂಟು ಗಂಟೆ, ಹೊರಗೆ ಇನ್ನೂ ಬಿಸಿಲು. ನಾನು ಅಪ್ಪನ ಪ್ರಶ್ನೆ ಹೇಳಿದೆ. ಮೂಗು ಒರೆಸಿಕೊಂಡು, "ಇದನ್ನ ಮೊದಲೇ ಹೇಳೋಕೇನಾಗಿತ್ತು?" ಅಂದಳು. ಲಿಖಿತ ಅಭಿಪ್ರಾಯ ಕಳಿಸಲು ಜುಲೈ 1ರವರೆಗೆ ಟೈಮ್ ಇತ್ತು. ಕುದುರೆಮುಖದ ಬಗ್ಗೆ ಒಂದು ಪುಟ ಅವಳೇ ಬರೆದಳು. ಲಕ್ಯಾ ಅನ್ನುವುದರ ಸ್ಪೆಲ್ಲಿಂಗ್ ಮಾತ್ರ ನಾನು ಹೇಳಿದ್ದು.

ಆಮೇಲಿನದನ್ನು ನಾನು ಪೇಪರಿನಲ್ಲಿ ನೋಡಿದ್ದಷ್ಟೆ. 2020ರ ಜುಲೈನಲ್ಲಿ ಅಂತಿಮ ವರದಿ ಗಣಿಯ ಕಡೆಗೇ ವಾಲಿತು. ಆಗಸ್ಟ್‌ನಲ್ಲಿ ಟ್ರಂಪ್ ಅವರ ಮಗನೇ ಗಣಿ ಬೇಡ ಅಂದ, ಅವನಿಗೆ ಅಲ್ಲಿ ಮೀನು ಹಿಡಿಯುವ ಖುಷಿಯಂತೆ. ಸೆಪ್ಟೆಂಬರ್‌ನಲ್ಲಿ ಗಣಿ ಕಂಪನಿಯ ಮುಖ್ಯಸ್ಥ ಟಾಮ್ ಕಾಲಿಯರ್ ಹೂಡಿಕೆದಾರರ ವೇಷದಲ್ಲಿದ್ದವರ ಮುಂದೆ ಆಡಿದ ಮಾತುಗಳ ರೆಕಾರ್ಡಿಂಗ್ ಹೊರಬಿತ್ತು, ರಾಜೀನಾಮೆ ಕೊಟ್ಟ. ನವೆಂಬರ್ 25ಕ್ಕೆ ಪರ್ಮಿಟ್ ಇಲ್ಲ ಅಂತ ತೀರ್ಮಾನ. 2023ರ ಜನವರಿಯಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಜಲ ಕಾಯ್ದೆಯಡಿ ತಡೆ ಹಾಕಿತು. ಅದರ ವಿರುದ್ಧ ರಾಜ್ಯ ಸರ್ಕಾರ ನೇರ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜನವರಿಯಲ್ಲಿ ಕೋರ್ಟ್ ಒಪ್ಪಲಿಲ್ಲ. ಕೆಳಗಿನ ಕೋರ್ಟಿನಲ್ಲಿ ಮತ್ತೆ ಕೇಸು ಬಿತ್ತು.

2022ರಲ್ಲಿ ಕೊಲ್ಲಿಗೆ ಸುಮಾರು 7.9 ಕೋಟಿ ಸಾಕೈ ಬಂದವು. ಅಷ್ಟು ಹಿಂದೆಂದೂ ಬಂದಿರಲಿಲ್ಲ. ಮರುವರ್ಷ, ಗಣಿಗೆ ತಡೆ ಬಿದ್ದ ಅದೇ ವರ್ಷ, ಮೀನಿನ ಬೆಲೆ ಪೌಂಡಿಗೆ 50 ಸೆಂಟ್‌ಗೆ ಇಳಿಯಿತು. ಹಿಂದಿನ ವರ್ಷದ ಅರ್ಧವೂ ಇಲ್ಲ. ಅವಳು ಊದಿದ ಬೆರಳು ತಂದಳು, ದುಡ್ಡು ತರಲಿಲ್ಲ. ನನಗೆ ಎಂದಿನಂತೆ ಹೊಗೆಯಲ್ಲಿ ಒಣಗಿಸಿದ ಸಾಲ್ಮನ್‌ನ ಆರು ಬಾಟಲಿ ಕೊಟ್ಟಳು. ಅದನ್ನು ನಾನು ಹುಣಸೆಹುಳಿ ಹಾಕಿ ಸಾರು ಮಾಡುತ್ತೇನೆ. ಅವಳ ಪ್ರಕಾರ ಅದು ಅಪರಾಧ. ಎರಡು ಸಲ ಬಡಿಸಿಕೊಂಡಳು.

ಪೆಬಲ್‌ಗೆ ತಡೆ ಬಿದ್ದ ಸುದ್ದಿಯನ್ನು ಅಪ್ಪನಿಗೆ ಅವತ್ತೇ ಹೇಳಿದ್ದೆ. ಸಂತೋಷವೋ ಬೇಜಾರೋ ಗೊತ್ತಾಗಲಿಲ್ಲ. ಕುದುರೆಮುಖದ ಟೌನ್‌ಶಿಪ್‌ನಲ್ಲಿ ಬಾಗಿಲು ಹಾಕಿದ ಕ್ವಾರ್ಟರ್ಸ್‌ಗಳ ಸಾಲನ್ನು ಅವರು ಈಗಲೂ ಬಸ್ಸಿನಲ್ಲಿ ಹೋಗುವಾಗ ನೋಡುತ್ತಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಆ ಸ್ಕೂಲು? ಹತ್ತು ಮಕ್ಕಳು ಆದ್ವಾ?"

"ಗೊತ್ತಿಲ್ಲಪ್ಪ."

"ಆ ಹುಡುಗಿ ಹತ್ರ ಒಂದ್ಸಲ ಕೇಳಿ ಹೇಳು."