ಉಪ್ಪಿಟ್ಟಿನ ಪ್ರತಿಜ್ಞೆ

ಪೇಪರ್ ಮೇಷ್ಟ್ರು ಹೋದರು ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದಾಗ ನಾನು ಸಿಂಗಾಪುರದ ಮೆಟ್ರೋ ರೈಲಿನಲ್ಲಿ ನಿಂತಿದ್ದೆ. ಇಳಿಯಬೇಕಾದ ಸ್ಟೇಷನ್ ದಾಟಿ ಎರಡು ಸ್ಟೇಷನ್ ಮುಂದೆ ಹೋಗಿದ್ದೆ. ಶಾಲೆಯ ಸಂಚಿಕೆಗೆ ಏನಾದರೂ ಬರೆಯಿರಿ ಅಂತ ಸಂಪಾದಕರು ಹೋದ ವರ್ಷವೇ ಕೇಳಿದ್ದರು. ಪುರುಸೊತ್ತಿಲ್ಲ ಅಂದಿದ್ದೆ. ಈಗ ಬರೆಯುತ್ತಿದ್ದೇನೆ, ಮೇಷ್ಟ್ರು ಓದುವುದಿಲ್ಲ.

ಅವರ ನಿಜವಾದ ಹೆಸರು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಕಂಕುಳಲ್ಲಿ ಸದಾ ಪೇಪರ್ ಇರುತ್ತಿತ್ತು, ಅದಕ್ಕೇ ಪೇಪರ್ ಮೇಷ್ಟ್ರು. ಸಮಾಜ ವಿಜ್ಞಾನ ಅವರ ವಿಷಯ. ಪಠ್ಯದಲ್ಲಿ ಏನಿತ್ತೋ ದೇವರಾಣೆ ನೆನಪಿಲ್ಲ. ಮಳೆಗಾಲದಲ್ಲಿ ಹೆಂಚಿನ ಮೇಲೆ ಮಳೆ ಹೊಡೆಯುವಾಗ ಅವರ ದನಿ ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ಆಗ ಪಾಠ ನಿಲ್ಲಿಸಿ ತಮ್ಮ ಉದ್ದನೆಯ ಲೆಕ್ಕದ ಪುಸ್ತಕ ತೆಗೆಯುತ್ತಿದ್ದರು. ಅಂಗಡಿಯವರು ಸಾಲ ಬರೆಯುವಂಥದ್ದು, ಕೆಂಪು ಬಟ್ಟೆಯ ರಟ್ಟಿನದು. ಅದರಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಪುಟ. ರಾಜಧಾನಿ, ನಾಣ್ಯ, ಪ್ರಧಾನಿ, ವಿದೇಶಾಂಗ ಮಂತ್ರಿ. ಮಂತ್ರಿ ಬದಲಾದರೆ ಹಳೆ ಹೆಸರಿಗೆ ಗೆರೆ ಎಳೆದು ಕೆಳಗೆ ಹೊಸದು ಬರೆಯುತ್ತಿದ್ದರು. ಪೇಪರಿನಲ್ಲಿ ಬರದ ದೇಶದ ಪುಟ ಹಾಗೇ ಖಾಲಿ.

ನಾನು ಎಂಟನೇ ಕ್ಲಾಸು ಸೇರಿದ ವರ್ಷ, 1980ರ ಜುಲೈನಲ್ಲಿ, ನಮ್ಮ ಸರ್ಕಾರ ಕಾಂಬೋಡಿಯಾದ ಹೆಂಗ್ ಸಾಮ್ರಿನ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ವಿಯೆಟ್ನಾಂ ಸೈನ್ಯ ಒಳಗೆ ನುಗ್ಗಿ ಕೂರಿಸಿದ ಸರ್ಕಾರ ಅದು. ಮೇಷ್ಟ್ರು ನಕಾಶೆ ಬಿಡಿಸಿ ಸಿಂಗಾಪುರ ತೋರಿಸಿದರು. ನೊಣ ಕೂತ ಹಾಗಿತ್ತು. "ನೋಡ್ರೋ, ಇದನ್ನ ಹೀಗೇ ಬಿಟ್ರೆ ನಾಳೆ ನಮ್ಮಂಥ ಚಿಕ್ಕವರ ಗತಿ ಏನು ಅಂತ ಈ ಊರು ಗಲಾಟೆ ಮಾಡ್ತಾ ಇದೆ. ಮೊನ್ನೆ ಮೊನ್ನೆವರೆಗೆ ಇವರ ವಿದೇಶಾಂಗ ಮಂತ್ರಿ ಒಬ್ಬ ಜಾಫ್ನಾದ ತಮಿಳಿನವನು, ರಾಜರತ್ನಂ ಅಂತ. ದೇಶ ಚಿಕ್ಕದು, ಬಾಯಿ ದೊಡ್ಡದು" ಅಂದರು. ಮೆಚ್ಚಿ ಹೇಳಿದರೋ ಬೈದರೋ ನಮಗೆ ತಿಳಿಯಲಿಲ್ಲ. ಮುಂದೆ ಅದೇ ನೊಣದ ಚುಕ್ಕೆಯೊಳಗೆ ಮನೆ ಮಾಡುತ್ತೇನೆ ಅಂತ ಯಾರಿಗೆ ಗೊತ್ತಿತ್ತು?

ಇನ್ನು ನನ್ನ ಪರಾಕ್ರಮ. ಎಸ್ಸೆಸ್ಸೆಲ್ಸಿ ವರ್ಷ. ಬೆಳಿಗ್ಗೆ ಪ್ರೇಯರ್‌ನಲ್ಲಿ ಪ್ರತಿಜ್ಞೆ ಹೇಳಿಸುವ ಸರದಿ ನಮ್ಮ ಕ್ಲಾಸಿನದು. ನಾನು ಒಂದೊಂದು ಸಾಲು ಹೇಳಬೇಕು, ಇಡೀ ಶಾಲೆ ಕೈ ಮುಂದೆ ಚಾಚಿ ಹಿಂದೆ ಹೇಳಬೇಕು. ಯಾರೂ ಕೇಳಿಸಿಕೊಳ್ಳುವುದಿಲ್ಲ, ಸುಮ್ನೆ ಒದರುತ್ತಾರೆ ಅಂತ ನನ್ನ ವಾದ. ನಾಲ್ಕು ಬೋಂಡಾಕ್ಕೆ ಪಂದ್ಯ ಬಿತ್ತು. ಗಟ್ಟಿ ದನಿಯಲ್ಲಿ ಶುರು ಮಾಡಿದೆ. "ನನ್ನ ತಂದೆ ತಾಯಿಗಳಿಗೂ ಗುರುಗಳಿಗೂ ಎಲ್ಲಾ ಹಿರಿಯರಿಗೂ" ಎನ್ನುವವರೆಗೆ ಸರಿ ಇತ್ತು. ಮುಂದೆ 'ಗೌರವ' ಅನ್ನುವ ಜಾಗದಲ್ಲಿ, ಅದೇ ದನಿಯಲ್ಲಿ, "ಉಪ್ಪಿಟ್ಟು ಕೊಡುತ್ತೇನೆ" ಅಂದೆ. ಇಡೀ ಶಾಲೆ ಒಂದೇ ಉಸಿರಿಗೆ ಉಪ್ಪಿಟ್ಟು ಕೊಟ್ಟಿತು. ಹೆಡ್ಮಾಸ್ಟರ ತುಟಿಯೂ ಅಲ್ಲಾಡಿದ್ದನ್ನು ನಾನು ಕಣ್ಣಾರೆ ಕಂಡೆ.

ಕೇಳಿಸಿಕೊಂಡದ್ದು ಒಬ್ಬರೇ. ಪೇಪರ್ ಮೇಷ್ಟ್ರು ಕಂಬದ ಹಿಂದೆ ತಿರುಗಿ ನಿಂತು ಕೆಮ್ಮಿದರು. ಅವರ ಬೆನ್ನು ಕುಲುಕುತ್ತಿತ್ತು.

ಆಮೇಲೆ ಸ್ಟಾಫ್ ರೂಮಿಗೆ ಕರೆಸಿದರು. ಪಿ.ಟಿ. ಮೇಷ್ಟ್ರಾಗಿದ್ದರೆ ಬೆತ್ತ, ಬಿಸಿಲು, ಗ್ರೌಂಡಿಗೆ ಹತ್ತು ಸುತ್ತು. ಇವರು ಕೇಳಿದ್ದು ಒಂದೇ ಪ್ರಶ್ನೆ: "ಆ ಪ್ರತಿಜ್ಞೆ ಬರೆದದ್ದು ಯಾರು? ಬೇರೆಯವರ ಮಾತು ತಿದ್ದುವವನಿಗೆ ಅದು ಯಾರ ಮಾತು ಅಂತ ಗೊತ್ತಿರಬೇಕು. ಒಂದು ವಾರ ಟೈಮು."

ಕೇಳುತ್ತಾ ಊರೆಲ್ಲ ಅಲೆದೆ. ಗಾಂಧೀಜಿ ಅಂದರು ಕನ್ನಡ ಮೇಡಂ. ಟ್ಯಾಗೋರ್ ಅಂದ ಸ್ನೇಹಿತ. ಗುಮಾಸ್ತರು ಮಾತ್ರ ತಲೆ ಎತ್ತದೆ, "ಸರ್ಕಾರ ಬರೆದದ್ದು, ಹೋಗೋ" ಅಂದರು. ವಾರ ಕಳೆದು ಬರಿಗೈಲಿ ಹೋದಾಗ ಮೇಷ್ಟ್ರು ನಕ್ಕರು. "ನಂಗೂ ಗೊತ್ತಿಲ್ಲ ಕಣೋ. ಸಿಕ್ಕಿದಾಗ ಹೇಳು, ಬಾಕಿ ಇರಲಿ."

ಬಾಕಿ ಇತ್ತು. ನಾನು ಓದಿದೆ, ಬೆಂಗಳೂರಿಗೆ ಹೋದೆ, 1999ರಲ್ಲಿ ಸಿಂಗಾಪುರಕ್ಕೆ ಬಂದೆ. ಈಗ ನನ್ನ ಕೈಕೆಳಗೆ ಅರುವತ್ತು ಜನ ಇದ್ದಾರೆ (ಹೇಳಲೇಬೇಕಾದ ಮಾತಲ್ಲ, ಆದರೂ ಹೇಳಿದೆ). 2006ರ ಫೆಬ್ರವರಿ 22ರಂದು ರಾಜರತ್ನಂ ತೀರಿಕೊಂಡರು. 91 ತುಂಬಲು ಮೂರು ದಿನ ಬಾಕಿ ಇತ್ತು. ಎರಡನೇ ಕ್ಲಾಸಿನ ನನ್ನ ಮಗಳು ಶಾಲೆಯಿಂದ ಬಂದವಳೇ, "ಅಪ್ಪಾ, ನಮ್ಮ ಪ್ಲೆಡ್ಜ್ ಬರೆದ ಅಜ್ಜ ಸತ್ತೋದ್ರು" ಅಂದಳು. ನನಗೆ ಕೂದಲು ನಿಮಿರಿತು. ಇಲ್ಲಿ ಮಕ್ಕಳಿಗೂ ಗೊತ್ತು!

ಆವತ್ತಿನಿಂದ ಆ ಮನುಷ್ಯನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಹುಟ್ಟಿದ್ದು 1915ರಲ್ಲಿ, ಜಾಫ್ನಾ ಸೀಮೆಯಲ್ಲಿ. ಕೂಸಾಗಿದ್ದಾಗಲೇ ಮಲಯಕ್ಕೆ ಬಂದು ಸೆರೆಂಬಾನ್ ಕಡೆಯ ರಬ್ಬರ್ ತೋಟದಲ್ಲಿ ಬೆಳೆದರು. 1935ರಲ್ಲಿ ಲಾ ಓದಲು ಲಂಡನ್ನಿಗೆ ಹೋದರು. ಯುದ್ಧ ಬಂತು, ಡಿಗ್ರಿ ಮುಗಿಯಲಿಲ್ಲ. ಹೊಟ್ಟೆಪಾಡಿಗೆ ಪತ್ರಿಕೆಗಳಿಗೆ ಬರೆದರು, ಕಥೆಗಳನ್ನೂ ಬರೆದರು, ಹಂಗೇರಿಯ ಪಿರೋಸ್ಕಾ ಅವರನ್ನು ಮದುವೆಯಾದರು. ಯುದ್ಧ ಮುಗಿದ ಮೇಲೆ ಸಿಂಗಾಪುರಕ್ಕೆ ಮರಳಿದವರು ಪತ್ರಕರ್ತರಾಗಿಯೇ ಹೆಸರು ಮಾಡಿದರು. 1954ರಲ್ಲಿ, ಮುಂದೆ ಸಿಂಗಾಪುರದ ಮೊದಲ ಪ್ರಧಾನಿಯಾದ ಲೀ ಕುವಾನ್ ಯೂ ಜೊತೆ ಪಕ್ಷ ಕಟ್ಟಿದರು, 1959ರಲ್ಲಿ ಕಾಂಪೊಂಗ್ ಗ್ಲಾಮ್ ಕ್ಷೇತ್ರದಿಂದ ಗೆದ್ದು ಸಂಸ್ಕೃತಿ ಮಂತ್ರಿಯಾದರು. 1965ರ ಆಗಸ್ಟ್ 9ರಂದು ಮಲೇಷ್ಯಾದಿಂದ ಹೊರಬಿದ್ದ ಊರು ರಾತ್ರೋರಾತ್ರಿ ದೇಶವಾಯಿತು. ಇವರು ವಿದೇಶಾಂಗ ಮಂತ್ರಿ. ಇಲಾಖೆಯೇ ಇರಲಿಲ್ಲ, ಮಂತ್ರಿ ಮಾತ್ರ ಇದ್ದರು! ಮುಂದಿನ ತಿಂಗಳೇ ವಿಶ್ವಸಂಸ್ಥೆಯ ಸದಸ್ಯತ್ವ ಸಿಕ್ಕಿತು. 1967ರ ಆಗಸ್ಟ್ 8ರಂದು ಬ್ಯಾಂಕಾಕ್‌ನಲ್ಲಿ ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್ ಹುಟ್ಟಿದಾಗ ಸಹಿ ಹಾಕಿದ ಐವರಲ್ಲಿ ಇವರೊಬ್ಬರು. ಪಕ್ಕದಲ್ಲಿ ಸಹಿ ಹಾಕಿದ ಇಂಡೋನೇಷ್ಯಾ ಎರಡು ವರ್ಷದ ಹಿಂದೆ ಸಿಂಗಾಪುರದಲ್ಲೇ ಬಾಂಬ್ ಇಡಿಸಿತ್ತು. ವಿದೇಶಾಂಗ ಖಾತೆ ಬಿಟ್ಟದ್ದು 1980ರಲ್ಲಿ.

ಎಲ್ಲವನ್ನೂ ಒಪ್ಪಲು ನನ್ನಿಂದಾಗುವುದಿಲ್ಲ. ಪೆನ್ನಿನಿಂದ ಮೇಲೆ ಬಂದ ಈ ಮನುಷ್ಯ ಮಂತ್ರಿಯಾಗಿದ್ದಾಗಲೇ, 1971ರಲ್ಲಿ, ಸಿಂಗಾಪುರ್ ಹೆರಾಲ್ಡ್ ಪತ್ರಿಕೆಯ ಪರವಾನಗಿಯನ್ನು ಸರ್ಕಾರ ಕಿತ್ತುಕೊಂಡಿತು. ಫೋನಿನಲ್ಲಿ ಇದನ್ನು ಹೇಳಿದಾಗ ಪೇಪರ್ ಮೇಷ್ಟ್ರು "ಥೂ" ಅಂದರು, ಅಷ್ಟೇ.

ಆದರೆ ಪ್ರತಿಜ್ಞೆಯ ಕಥೆ ಕೇಳಿ. 1964ರಲ್ಲಿ ಇಲ್ಲಿ ಮಲಯರಿಗೂ ಚೀನೀಯರಿಗೂ ಗಲಭೆಯಾಗಿ ಹೆಣ ಬಿದ್ದಿದ್ದವು. 1966ರ ಫೆಬ್ರವರಿಯಲ್ಲಿ ಶಿಕ್ಷಣ ಇಲಾಖೆ ಶಾಲೆ ಮಕ್ಕಳಿಗೆ ಒಂದು ಪ್ರತಿಜ್ಞೆಯ ಕರಡು ಮಾಡಿ ರಾಜರತ್ನಂಗೆ ತೋರಿಸಿತು. ಅವರು ತಮ್ಮದೇ ಒಂದನ್ನು ಬರೆದು ಕಳಿಸಿದರು. ಅದರಲ್ಲಿ ಜನಾಂಗ, ಭಾಷೆ, ಧರ್ಮಗಳ ಭೇದ 'ಮರೆತು' ಒಂದಾಗುತ್ತೇವೆ ಅಂತಿತ್ತು. ಲೀ ಕುವಾನ್ ಯೂ ಕೈಯಾಡಿಸಿದರು. ಕೊನೆಗೆ ಉಳಿದದ್ದು ಜನಾಂಗ, ಭಾಷೆ, ಧರ್ಮ 'ಯಾವುದೇ ಇರಲಿ' ಎಂಬ ಅರ್ಥದ ಮಾತು. ಆ ವರ್ಷದ ಆಗಸ್ಟ್‌ನಿಂದ ಮಕ್ಕಳು ಬಾವುಟದ ಮುಂದೆ ಅದನ್ನೇ ಹೇಳುತ್ತಿದ್ದಾರೆ.

ನಮ್ಮ ಪ್ರತಿಜ್ಞೆಯದೂ ಸಿಕ್ಕಿತು, ತಡವಾಗಿ, ಇಂಟರ್ನೆಟ್ಟಿನಲ್ಲಿ. ಪೈಡಿಮರ್ರಿ ವೆಂಕಟ ಸುಬ್ಬಾರಾವ್. 1962ರಲ್ಲಿ ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿಯಾಗಿದ್ದಾಗ ತೆಲುಗಿನಲ್ಲಿ ಬರೆದದ್ದು. ಇಲ್ಲಿ ಬರೆದವರ ಹೆಸರಲ್ಲಿ ಒಂದು ದೊಡ್ಡ ಸಂಸ್ಥೆಯೇ ಇದೆ. ನಮ್ಮಲ್ಲಿ ಇವರ ಹೆಸರು ಕೇಳಿದವರು ಎಷ್ಟು ಜನ? ಮೊನ್ನೆ ಊರಿಗೆ ಬಂದಾಗ ಅಕ್ಕನ ಮೊಮ್ಮಗನನ್ನು ಕೇಳಿದೆ. ಟ್ಯಾಬ್‌ನಿಂದ ತಲೆ ಎತ್ತದೆ, "ಅದು ಎಕ್ಸಾಮಿಗೆ ಬರಲ್ಲ" ಅಂದ. ಅವನ ಶಾಲೆಯಲ್ಲಿ ಪ್ರತಿಜ್ಞೆಯನ್ನು ಸ್ಪೀಕರಿನಲ್ಲಿ ಹಾಕುತ್ತಾರಂತೆ. ಉಪ್ಪಿಟ್ಟು ಸೇರಿಸುವುದಕ್ಕೂ ಜಾಗವಿಲ್ಲ. ಬೆತ್ತ ಹೋಗಿದ್ದು ಒಳ್ಳೆಯದೇ ಆಯಿತು, ಆದರೆ ಪುರುಸೊತ್ತಾಗಿ ತಮಗೇ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳುವ ಮೇಷ್ಟ್ರನ್ನೂ ಕಳಿಸಿಬಿಟ್ಟೆವಾ ಅಂತ.

ಕೊನೆಯ ಸಲ ಮೇಷ್ಟ್ರನ್ನು ನೋಡಿದ್ದು ಎರಡು ವರ್ಷದ ಹಿಂದೆ. ಜಗಲಿಯಲ್ಲಿ ಕೂತಿದ್ದರು, ಕಣ್ಣು ಮಂಜು, ಪೇಪರನ್ನು ಸೊಸೆ ಓದಿ ಹೇಳುತ್ತಿದ್ದರು. ಎರಡೂ ಪ್ರತಿಜ್ಞೆಯ ಕಥೆ ಮತ್ತೆ ಹೇಳಿದೆ. 'ಮರೆತು' ಅನ್ನುವಲ್ಲಿ ತಡೆದರು. "ಲೀ ತಿದ್ದಿದ್ದೇ ಸರಿ ಕಣೋ. ನಾನು ಲಿಂಗಾಯತ, ನೀನು ಇನ್ನೇನೋ. ಮರೆತುಬಿಡು ಅಂದ್ರೆ ಯಾರು ಮರೀತಾರೆ? ಇರಲಿ ಬಿಡು ಅಂದ್ರೆ ಇರ್ತಾರೆ." ಸ್ವಲ್ಪ ಹೊತ್ತಾದ ಮೇಲೆ, "ಆ ಮನುಷ್ಯ ಕೊನೆಗೆ ಹೇಗಿದ್ದ?" ಅಂತ ಕೇಳಿದರು. ಮರೆವಿನ ಕಾಯಿಲೆ ಹತ್ತಿ ಕೊನೆಗಾಲದಲ್ಲಿ ಮಾತೂ ನಿಂತಿತ್ತು ಅಂದೆ. ಮೇಷ್ಟ್ರು ಏನೂ ಹೇಳಲಿಲ್ಲ. ಸೊಸೆ ಕಾಫಿ ತಂದರು.

ಹನ್ನೊಂದನೇ ದಿನಕ್ಕೆ ಹೋಗಲು ರಜೆ ಸಿಗಲಿಲ್ಲ. ಹೋದ ತಿಂಗಳು ಹೋದೆ. ಅವರ ಮಗ ಆ ಕೆಂಪು ರಟ್ಟಿನ ಪುಸ್ತಕ ತಂದು ನನ್ನ ಕೈಗಿಟ್ಟರು. ಸಿಂಗಾಪುರದ ಪುಟದಲ್ಲಿ 'ಎಸ್. ರಾಜರತ್ನಂ' ಅನ್ನುವುದರ ಮೇಲೆ ಗೆರೆ, ಕೆಳಗೆ 'ಧನಬಾಲನ್, 1980'. ಗೆರೆ ಎಳೆದ ಹೆಸರಿನ ಪಕ್ಕ, ನಡುಗುವ ಅಕ್ಷರದಲ್ಲಿ, 'ಪ್ರತಿಜ್ಞೆ ಬರೆದವರು'. ಭಾರತದ ಪುಟಕ್ಕೆ ತಿರುಗಿಸಿದೆ. ಪ್ರಧಾನಿಗಳ ಸಾಲು ಮುಗಿದ ಮೇಲೆ ಪೈಡಿಮರ್ರಿಯವರ ಹೆಸರು, ಅದರ ಮುಂದೆ ನನ್ನ ಇನಿಷಿಯಲ್ಲು, ಮತ್ತೆ ಅಂಗಡಿಯವರು ಬರೆಯುವ ಹಾಗೆ ಎರಡು ಅಡ್ಡಗೆರೆಯ ನಡುವೆ: ಬಾಕಿ ಚುಕ್ತಾ.