‘ಬ್ಯಾಗ್ ಖಾಲಿ’ ಎಂದು ಬರೆದಿತ್ತು

ಹೊಸದಾಗಿ ಸೇರಿದ ಹುಡುಗಿಗೆ ಮೊನ್ನೆ, ಪಾಳಿ ಬದಲಾಗುವಾಗ ಮುಂದಿನವರಿಗಾಗಿ ಇಡುವ ಹ್ಯಾಂಡೋವರ್ ರಿಜಿಸ್ಟರ್ ಬರೆಯುವುದನ್ನು ತೋರಿಸುತ್ತಿದ್ದೆ. ಮೂರನೇ ಸಾಲಿಗೇ ಅವಳು ‘ಬ್ಯಾಗ್ ಖಾಲಿ’ ಎಂದು ಬರೆದಳು. ಅವಳ ಕೈಯಿಂದ ಪೆನ್ನು ಕಸಿದುಕೊಂಡೆ. ಪಾಪ, ಹೆದರಿದಳು. ಆಮೇಲೆ ಕೂರಿಸಿಕೊಂಡು, ಅಡಿಕೆ ಮರ ಹತ್ತಿ ಕೊನೆ ಕೊಯ್ಯುತ್ತಿದ್ದ ಕೊನೆಗೌಡ್ರ ವಿಷಯ ಹೇಳಿದೆ.

ನಾನು ಕೆಲಸ ಮಾಡುವುದು ಶಿರಸಿ ಪೇಟೆಯಿಂದ ತುಸು ಹೊರಗಿರುವ ಆರು ಹಾಸಿಗೆಯ ಒಂದು ಮನೆಯಲ್ಲಿ. ಆಸ್ಪತ್ರೆಯಿಂದ ಬಿಟ್ಟಿದ್ದಾರೆ, ವೀಲ್‌ಚೇರ್ ಒಳಗೆ ಹೋಗುವ ಮನೆ ಇಲ್ಲ. ನೋಡಿಕೊಳ್ಳುತ್ತಿದ್ದ ತಾಯಿ ತೀರಿಕೊಂಡರು, ಅಣ್ಣತಮ್ಮಂದಿರು ಇನ್ನೂ ಮಾತಾಡಿಕೊಂಡಿಲ್ಲ. ಹಾಸ್ಟೆಲ್ ಸೀಟಿಗೆ ಎರಡು ತಿಂಗಳು ಕಾಯಬೇಕು. ಅಂಗವಿಕಲರ ಇಂಥ ನಡುವಿನ ದಿನಗಳಿಗಾಗಿ ಇರುವ ಮನೆ ಇದು. ಆರು ತಿಂಗಳು ಮೀರುವಂತಿಲ್ಲ. ಹಗಲು ಇಬ್ಬರು, ರಾತ್ರಿ ಒಬ್ಬರು.

ಗೌಡ್ರು ಬಂದದ್ದು ಮೇ ತಿಂಗಳಲ್ಲಿ. ಸಿದ್ದಾಪುರ ಕಡೆಯ ತೋಟವೊಂದರಲ್ಲಿ ಕೊನೆ ಕೊಯ್ಯುವಾಗ ಮರ ಮುರಿದು ಬಿದ್ದಿದ್ದರು. ಬೆನ್ನುಹುರಿಗೆ ಪೆಟ್ಟು, ಟಿ-4, ಅಂದರೆ ಎದೆಯ ಹಿಂಭಾಗದ ನಾಲ್ಕನೇ ಎಲುಬಿನ ಮಟ್ಟದಲ್ಲಿ. ಎದೆಯಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಿಂದ ಫೋಲಿ (ಮೂತ್ರಕೋಶದಿಂದ ಬ್ಯಾಗಿಗೆ ಮೂತ್ರ ಇಳಿಸುವ ಪೈಪ್) ಹಾಕಿಯೇ ಕಳಿಸಿದ್ದರು. ಅವರ ಬಿಡಾರ ತೋಟದ ತಗ್ಗಿನಲ್ಲಿ. ರಸ್ತೆಯಿಂದ ಇಳಿಯಲು ಮಣ್ಣಿನ ಮೆಟ್ಟಿಲು, ಆಮೇಲೆ ಹಳ್ಳ ದಾಟಲು ಅಡಿಕೆ ದಬ್ಬೆಯ ಕಾಲುಸಂಕ. ಅಲ್ಲಿಗೆ ವೀಲ್‌ಚೇರ್ ಇಳಿಸುವ ಮಾತೇ ಇಲ್ಲ. ಅವರ ಹೆಂಡತಿಯ ಅಣ್ಣ ರಸ್ತೆ ಬದಿಯ ತಮ್ಮ ಮನೆಯಲ್ಲಿ ಒಂದು ಕೋಣೆ ಬಿಟ್ಟುಕೊಡಲು ಒಪ್ಪಿದ್ದರು. ಜಗಲಿಗೆ ಒಂದು ರ‍್ಯಾಂಪ್ ಆದರೆ ಸಾಕಿತ್ತು.

ಅಷ್ಟರಲ್ಲಿ ನಮ್ಮ ಮೀಟಿಂಗಿನಲ್ಲೇ ಒಬ್ಬರು, ‘ಇವರನ್ನು ಕಾಯಂ ಆಗಿ ಯಾವುದಾದರೂ ಆಶ್ರಮಕ್ಕೆ ಸೇರಿಸಿದರೆ ಸುಲಭ ಅಲ್ವಾ’ ಎಂದರು. ಸುಲಭ ಯಾರಿಗೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಕಲಂ ಇರುವುದೇ ಇದಕ್ಕೆ: ಎಲ್ಲರಂತೆ ಊರ ನಡುವೆ ಬದುಕುವುದು ಅವರ ಹಕ್ಕು, ಇಂಥ ಜಾಗದಲ್ಲೇ ಇರಬೇಕೆಂದು ಯಾರನ್ನೂ ಕಟ್ಟಿಹಾಕದಂತೆ ಸರ್ಕಾರ ಪ್ರಯತ್ನಿಸಬೇಕು. ಗೌಡ್ರು ಕಾಯ್ದೆ ಓದಿದವರಲ್ಲ. ‘ನಾ ಮನೆಗೇ ಹೋಗುವವ’ ಎಂದಷ್ಟೇ ಹೇಳಿದರು. ಅಲ್ಲಿಗೆ ಆ ಮಾತು ಮುಗಿಯಿತು.

ರ‍್ಯಾಂಪಿಗೆ ಪಂಚಾಯ್ತಿಯಲ್ಲಿ ಅಂಗವಿಕಲರಿಗೆಂದು ಮೀಸಲಾದ ಶೇ 5ರ ಅನುದಾನದಲ್ಲಿ ದುಡ್ಡು ಕೊಡಿಸಲು ಎಂಆರ್‌ಡಬ್ಲ್ಯು ಸರ್ (ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಎಷ್ಟು ಓಡಾಡಿದರೋ. ಜುಲೈಯಲ್ಲಿ ಕಾಂಕ್ರೀಟೂ ಬಿತ್ತು. ಆದರೆ ಒಂದೂವರೆ ಅಡಿ ಎತ್ತರದ ಜಗಲಿಗೆ 18 ಅಡಿ ಉದ್ದದ ರ‍್ಯಾಂಪ್ ಬೇಕು, ಅಡಿಗೆ 12 ಅಡಿಯ ಲೆಕ್ಕ. ಕಂಟ್ರಾಕ್ಟರ್ 8 ಅಡಿಗೇ ಮುಗಿಸಿದ್ದ. ಅದರ ಮೇಲೆ ವೀಲ್‌ಚೇರ್ ಹತ್ತಿಸಲು ಇಬ್ಬರು ಗಂಡಸರು ಬೇಕು, ಇಳಿಸುವಾಗ ಕೈ ತಪ್ಪಿದರೆ ನೇರ ಅಂಗಳಕ್ಕೆ. ಒಡೆದು ಮತ್ತೆ ಕಟ್ಟಬೇಕು, ಮಳೆ ನಿಲ್ಲುವವರೆಗೆ ಆಗುವುದಿಲ್ಲ ಎಂಬ ಫೋನು ಬಂದದ್ದು ನಾನು ಹೇಳುತ್ತಿರುವ ಆ ದಿನ ಸಂಜೆ. ಗೌಡ್ರು ಊಟ ಬೇಡ ಎಂದರು. ಗೋಡೆಯ ಕಡೆಗೇ ಮುಖ ಮಾಡಿಕೊಂಡಿದ್ದರು.

ನಾನು ರಾತ್ರಿ ಪಾಳಿಗೆ ಬಂದದ್ದು ಒಂಬತ್ತಕ್ಕೆ. ರಿಜಿಸ್ಟರಿನಲ್ಲಿ ಹೀಗಿತ್ತು: ‘6.00 ಮೈ ಒರೆಸಿ ಬಟ್ಟೆ ಬದಲಿಸಿದೆ. 8.45 ಬ್ಯಾಗ್ ಖಾಲಿ. ಊಟ ಮಾಡಲಿಲ್ಲ, ಬೇಜಾರಲ್ಲಿದ್ದಾರೆ.’ ಓದಿದೆ, ಸಹಿ ಹಾಕಿದೆ. ಹತ್ತಕ್ಕೆ ಮಗ್ಗುಲು ಬದಲಿಸಿ, ಬೆನ್ನಿಗೆ ದಿಂಬು ಕೊಟ್ಟು ಒರಗಿಸಿದೆ. ಯುರೋಬ್ಯಾಗ್ ನೋಡಿದೆ, ಖಾಲಿ ಇತ್ತು. ಖಾಲಿ ಮಾಡಿದ್ದಾರಲ್ಲ, ಸರಿ ಎಂದುಕೊಂಡೆ. 8.45ಕ್ಕೆ ಚೆಲ್ಲಿದ ಬ್ಯಾಗಿನಲ್ಲಿ ಹತ್ತು ಗಂಟೆಗೆ ಒಂದು ಲೋಟದಷ್ಟಾದರೂ ಇರಬೇಕಿತ್ತು ಎಂದು ನನಗೆ ಹೊಳೆಯಲಿಲ್ಲ. ನನ್ನ ತಲೆ ತುಂಬ ಆ ರ‍್ಯಾಂಪಿನ ಸುದ್ದಿಯೇ ಇತ್ತು.

ಹತ್ತೂವರೆ ಸುಮಾರಿಗೆ ಕರೆದರು.

‘ತಂಗೀ, ತಲೆ ಸಿಡಿತದೆ.’

ಹತ್ತಿರ ಹೋಗಿ ಕೂತೆ. ‘ಬೇಜಾರು ಮಾಡ್ಕೋಬೇಡಿ ಗೌಡ್ರೇ, ಮಳೆ ಮುಗಿದ ಕೂಡಲೇ ಮಾಡಿಸುವ. ಮನಸ್ಸಿಗೆ ಹಚ್ಚಿಕೊಂಡರೆ ತಲೆ ನೋಯದೆ ಇನ್ನೇನು’ ಎಂದೆ. ಹಣೆಗೆ ಅಮೃತಾಂಜನ ಹಚ್ಚಿದೆ. ಬಿಪಿ ನೋಡಿದೆ: 148/90. ನನ್ನ ಅಮ್ಮನಿಗೆ ಮಾತ್ರೆ ತಿಂದೂ ಇಷ್ಟಿರುತ್ತದೆ, ಗಾಬರಿ ಪಡುವಂಥದ್ದೇನಲ್ಲ ಎಂದುಕೊಂಡೆ. ಇವರದು ದಿನಾ 92/58ರ ಆಸುಪಾಸು ಎಂದು ಅದೇ ರಿಜಿಸ್ಟರಿನಲ್ಲಿ ನಾನೇ ಎಷ್ಟೋ ಸಲ ಬರೆದಿದ್ದೆ. ಪುಟ ತಿರುಗಿಸಿ ನೋಡಲಿಲ್ಲ.

‘ಪೈಪ್ ನೋಡು ತಂಗೀ’ ಎಂದರು.

‘ಎಲ್ಲ ನೋಡಿದ್ದಾರೆ, ಒಂಬತ್ತಕ್ಕೆ ಮೊದಲೇ ಖಾಲಿ ಮಾಡಿದ್ದಾರೆ. ನೀವು ಸ್ವಲ್ಪ ಮಲಗಿ’ ಎಂದೆ. ದಿಂಬು ತೆಗೆದು, ತಲೆ ತಗ್ಗಿಸಿ, ಸಪಾಟಾಗಿ ಮಲಗಿಸಿದೆ. ಆ ಹೊತ್ತಿನಲ್ಲಿ ಮಾಡಬಾರದ ಕೆಲಸ ಅಂತ ಯಾವುದಾದರೂ ಇದ್ದರೆ ಅದೇ. ನಾನು ಅದನ್ನು ಅಕ್ಕರೆಯಿಂದ ಮಾಡಿದೆ.

ಹೊರಗೆ ಮಳೆ ಹುಯ್ಯುತ್ತಿತ್ತು. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಒಂದೇ ದೀಪ. ಐದು ನಿಮಿಷ ಬಿಟ್ಟು ಬಂದು ನೋಡಿದರೆ ಮುಖ, ಕತ್ತು ಕೆಂಪಾಗಿ, ಹಣೆಯಿಂದ ಬೆವರು ಇಳಿಯುತ್ತಿತ್ತು. ಕಾಲು ಮುಟ್ಟಿದೆ: ತಣ್ಣಗಿತ್ತು, ರೋಮವೆಲ್ಲ ನೆಟ್ಟಗೆ ನಿಂತಿತ್ತು. ಮೇಲೊಂದು ಮೈ, ಕೆಳಗೊಂದು ಮೈ. ಬಿಪಿ 186/104. ಮೆಷಿನ್ ಕೆಟ್ಟಿದೆ ಎಂದು ಇನ್ನೊಂದು ಕೈಗೆ ಕಟ್ಟಿದೆ. 188. ಇನ್‌ಚಾರ್ಜ್ ಮೇಡಂಗೆ ಫೋನ್ ಮಾಡಿದರೆ ನಾಟ್ ರೀಚೆಬಲ್. 108ಕ್ಕೆ ಮಾಡಿದೆ, ಇಪ್ಪತ್ತು ನಿಮಿಷ ಎಂದರು.

ಆಗ ಪಕ್ಕದ ಹಾಸಿಗೆಯಿಂದ ಮಾತು ಬಂತು. ಅವನು ಕಣ್ಣು ಕಾಣದ ಹುಡುಗ, ಡಿಗ್ರಿ ಓದುವವ, ಹಾಸ್ಟೆಲ್ ಸೀಟಿಗೆ ಕಾಯುತ್ತಿದ್ದ. ‘ಅಕ್ಕಾ, ಅವರು ಬಂದ ದಿನವೇ ಹೇಳಿದ್ರಲ್ಲ. ತಲೆ ಸಿಡಿದರೆ ನನ್ನ ಕೂರಿಸಿ, ಪೈಪ್ ನೋಡಿ ಅಂತ. ನಿಮ್ಮ ಹತ್ರವೇ ಹೇಳಿದ್ದು.’

ಹೌದು, ನನಗೇ ಹೇಳಿದ್ದರು. ನಾನು ಇನ್‌ಟೇಕ್ ಫಾರ್ಮ್ ತುಂಬುತ್ತಿದ್ದೆ. ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ನಂಬರ್, ಅಂಗವೈಕಲ್ಯದ ಶೇಕಡಾವಾರು, ರೇಷನ್ ಕಾರ್ಡ್, ಪಾಸ್‌ಬುಕ್ ಅಂತ ಒಂಬತ್ತು ಪುಟ. ಅವರು ಹೇಳಿದ್ದನ್ನು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ. ತಲೆಯಾಡಿಸಿ ಪಾಸ್‌ಬುಕ್ ಕೇಳಿದ್ದೆ.

ತಲೆಯ ಕಡೆ ಮಂಚ ಎತ್ತಿ ಅವರನ್ನು ನೆಟ್ಟಗೆ ಕೂರಿಸಿದೆ, ಕಾಲು ಕೆಳಗೆ ಇಳಿಬಿಟ್ಟೆ. ಹೊದಿಕೆ ಎಳೆದು ಹಾಕಿ ಟಾರ್ಚ್ ಹಿಡಿದೆ. ತೊಡೆಗೆ ಕಟ್ಟಿದ ಪಟ್ಟಿಯ ಅಡಿಯಲ್ಲಿ ಟ್ಯೂಬ್ ಮಡಚಿ, ಹಿಸುಕಿ ಹೋಗಿತ್ತು. ಸಂಜೆ ಆರಕ್ಕೆ ಬಟ್ಟೆ ಬದಲಿಸಿ ಪಟ್ಟಿ ಕಟ್ಟಿದಾಗಿನಿಂದ ಹಾಗೆಯೇ ಇರಬೇಕು. ಹತ್ತಕ್ಕೆ ಮಗ್ಗುಲು ಬದಲಿಸಿದಾಗ ನನ್ನ ಕೈ ಅದೇ ತೊಡೆಯ ಮೇಲಿತ್ತು. ಪಟ್ಟಿ ಬಿಚ್ಚಿ ಟ್ಯೂಬ್ ನೇರ ಮಾಡಿದೆ. ಸರ‍್ರನೆ ಬ್ಯಾಗಿಗೆ ಇಳಿಯತೊಡಗಿತು. ಸೊಂಟದ ಲಾಡಿಯನ್ನೂ ಸಡಿಲಿಸಿದೆ. ಹತ್ತು ನಿಮಿಷಕ್ಕೆ ಬ್ಯಾಗಿನಲ್ಲಿ 650 ಎಂಎಲ್, ಬಿಪಿ 124. ಗೌಡ್ರು ಕಣ್ಣು ಮುಚ್ಚಿ ಉಸಿರು ಬಿಟ್ಟರು. ‘ಈಗ ಹಗುರ ಆಯ್ತು’ ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಆಂಬುಲೆನ್ಸ್ ಬಂತು, ಆಸ್ಪತ್ರೆಗೂ ಹೋದೆವು. ಡ್ಯೂಟಿ ಡಾಕ್ಟರು ಕಾಗದದ ಮೇಲೆ ಬೆನ್ನುಹುರಿಯ ಚಿತ್ರ ಬರೆದು ತೋರಿಸಿದರು. ಟಿ-6 ಮತ್ತು ಅದರ ಮೇಲೆ ಪೆಟ್ಟಾದವರಿಗೆ ಕೆಳಗಿನ ಮೈಯಲ್ಲಿ ಮೂತ್ರಕೋಶ ತುಂಬಿ ಬಿಗಿದರೆ ರಕ್ತನಾಳಗಳು ಕುಗ್ಗುತ್ತವೆ. ಸಡಿಲವಾಗು ಎಂಬ ಮಿದುಳಿನ ಆಜ್ಞೆ ಪೆಟ್ಟಿನ ಜಾಗ ದಾಟಿ ಕೆಳಗೆ ಇಳಿಯುವುದಿಲ್ಲ. ಬಿಪಿ ಏರುತ್ತಲೇ ಹೋಗಿ ಮಿದುಳಲ್ಲಿ ರಕ್ತಸ್ರಾವವೂ ಆಗಬಹುದು. ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ಮಲಬದ್ಧತೆ, ಹಾಸಿಗೆ ಹುಣ್ಣು, ಬಿಗಿಯಾದ ಬಟ್ಟೆಯಿಂದಲೂ ಬರಬಹುದು. ಕೂರಿಸಿದರೆ ಬಿಪಿ ಸ್ವಲ್ಪ ಇಳಿಯುತ್ತದೆ, ಮಲಗಿಸಿದರೆ ಏರುತ್ತದೆ. ಇವರ ಡಿಸ್ಚಾರ್ಜ್ ಸಮ್ಮರಿಯ ನಾಲ್ಕನೇ ಪುಟದಲ್ಲಿ ಇಂಗ್ಲಿಷಿನಲ್ಲಿ ಅದರ ಬಗ್ಗೆ ಒಂದು ಸಾಲು ಇತ್ತು. ಫೈಲಿಗೆ ಪಂಚ್ ಮಾಡಿ ಹಾಕಿದ್ದು ನಾನೇ.

ಬೆಳಿಗ್ಗೆ ಹಗಲು ಪಾಳಿಯವಳನ್ನು ಕೇಳಿದೆ. ‘ಏನೂ ಬಂದಿರಲಿಲ್ಲ, ಖಾಲಿ ಇತ್ತು, ಅದಕ್ಕೇ ಬರೆದೆ’ ಎಂದಳು. ನಾನು ಓದಿದ್ದು ‘ಖಾಲಿ ಮಾಡಿದೆ’ ಎಂದು. ಅವಳು ಅತ್ತಳು. ಅವಳದು ಬೆಳಿಗ್ಗೆ ಏಳರಿಂದ ನಿಂತ ಕಾಲು. ಬಾಯಿಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು, ನಿಜ. ಆದರೆ ನಾನು ಬ್ಯಾಗನ್ನು ಕಣ್ಣಾರೆ ನೋಡಿದ್ದೆನಲ್ಲ.

ಈಗ ನಮ್ಮ ರಿಜಿಸ್ಟರಿನಲ್ಲಿ ‘ಖಾಲಿ’ ಎಂಬ ಶಬ್ದವಿಲ್ಲ. ಎಷ್ಟು ಎಂಎಲ್ ಇತ್ತು, ಎಷ್ಟು ಚೆಲ್ಲಿದೆ, ಎರಡನ್ನೂ ಬರೆಯಬೇಕು. ಸೊನ್ನೆ ಇದ್ದರೆ ಸೊನ್ನೆ ಎಂದು ಬರೆದು ಟ್ಯೂಬ್ ನೋಡಬೇಕು. ಯಾರು ಏನೇ ನೋವು ಹೇಳಿದರೂ ಮೊದಲು ಮೈ ನೋಡುವುದು, ಮನಸ್ಸಿನ ಸಮಾಧಾನ ಆಮೇಲೆ. ಮನೆಯಿಲ್ಲದೆ ನಡುವೆ ನಿಂತವರಿಗೆ ಬೇಜಾರು ಇದ್ದೇ ಇರುತ್ತದೆ; ಅದನ್ನೇ ಎಲ್ಲದಕ್ಕೂ ಕಾರಣ ಮಾಡಿದರೆ ನಮಗೆ ಬೇರೇನೂ ಕಾಣುವುದಿಲ್ಲ.

ಬಂದವರು ತಮ್ಮ ಮೈ ಬಗ್ಗೆ ಹೇಳಿದ್ದನ್ನು ಬರೆಯಲು ಫಾರ್ಮಿಗೆ ಅರ್ಧ ಪುಟ ಸೇರಿಸಿ ಎಂದು ಮೇಲಿನವರಿಗೆ ಮೂರು ಸಲ ಬರೆದಿದ್ದೇನೆ. ಮುಂದಿನ ಪರಿಷ್ಕರಣೆಯಲ್ಲಿ ನೋಡೋಣ ಎಂಬ ಉತ್ತರ ಬಂತು. ಅದರ ಬದಲಿಗೆ ಟ್ಯಾಬ್ ಬಂದಿದೆ. ಅದರಲ್ಲಿ ಮೂತ್ರದ ಕಾಲಮಿಗೆ ‘ಹೌದು’, ‘ಇಲ್ಲ’ ಎರಡೇ. ನಾನು ಟ್ಯಾಬಿನಲ್ಲಿ ಒತ್ತುತ್ತೇನೆ, ಆಮೇಲೆ ಪುಸ್ತಕದಲ್ಲಿ ಬರೆಯುತ್ತೇನೆ. ಎರಡು ಕೆಲಸ ಯಾಕೆ ಎಂದು ಕೇಳಿದವರಿಗೆ ಆ ರಾತ್ರಿಯ ಪುಟ ತೆಗೆದು ತೋರಿಸುತ್ತೇನೆ.

ಬರದೇ ಇರುವ ಆ ಅರ್ಧ ಪುಟದ ಜಾಗಕ್ಕೆ ನಾವೇ ಒಂದು ರಟ್ಟು ಮಾಡಿಕೊಂಡಿದ್ದೇವೆ. ಅವರವರ ಮಾತಿನಲ್ಲೇ ಬರೆದು ಹಾಸಿಗೆಯ ತಲೆಗೆ ಅಂಟಿಸುವುದು. ಗೌಡ್ರದು ಹೀಗಿತ್ತು: ‘ತಲೆ ಸಿಡಿದರೆ ಕೂರಿಸಿ. ಪೈಪ್ ನೋಡಿ. ನಾ ಹೇಳಿದ್ದು ಕೇಳಿ.’ ಮೂರನೇ ಸಾಲು ಬರೆಸಿದ್ದೂ ಅವರೇ.

ನವೆಂಬರಿನಲ್ಲಿ 18 ಅಡಿಯ ರ‍್ಯಾಂಪ್ ಆಯಿತು. ಹೊರಡುವ ದಿನ ಅವರು ಆ ರಟ್ಟನ್ನು ಬಿಡಿಸಿಕೊಡಲು ಹೇಳಿದರು, ಭಾವನ ಮನೆಯಲ್ಲಿ ಅಂಟಿಸಲು. ಈಗ ಆ ಹಾಸಿಗೆಗೆ ಕಿವಿ ಕೇಳದ, ಮಾತು ಬಾರದ ಹೆಣ್ಣುಮಗಳೊಬ್ಬಳು ಬಂದಿದ್ದಾಳೆ. ಅವಳ ರಟ್ಟು ಇನ್ನೂ ಆಗಿಲ್ಲ. ಸನ್ನೆ ಭಾಷೆ ಬಲ್ಲವರು ಗುರುವಾರ ಕುಮಟೆಯಿಂದ ಘಟ್ಟ ಹತ್ತಿ ಬರುತ್ತಾರೆ. ಅಲ್ಲಿಯವರೆಗೆ ರಾತ್ರಿ ಪಾಳಿ ನಾನೇ ಮಾಡುತ್ತೇನೆ ಎಂದು ಕೇಳಿಕೊಂಡಿದ್ದೇನೆ.