ನೆತ್ತಿಯ ಮೇಲೆ ತಣ್ಣನೆ ಗಂಧ

ಕಡೇ ಕಾರ್ತಿಕ ಸೋಮವಾರ ನಂಜನಗೂಡಿಗೆ ಹೋಗಿ ಮುಡಿ ಕೊಟ್ಟು ಬಂದೆ. ಮಗಳಿಗೆ ಜ್ವರ ಬಿಡದೆ ಕಾಡಿದಾಗ ಹೊತ್ತ ಹರಕೆ. ಅವಳೀಗ ಚೆನ್ನಾಗಿದ್ದಾಳೆ, ಆ ಜ್ವರದ ಮಾತು ಬೇಡ.

ಕತ್ತಿ ಆಡಿದ್ದು ಗೊತ್ತೇ ಆಗಲಿಲ್ಲ. ಕಪಿಲೆಯಲ್ಲಿ ಮೂರು ಸಲ ಮುಳುಗಿ ಎದ್ದು ಮೆಟ್ಟಿಲ ಮೇಲೆ ನಿಂತೆ. ಹೆಂಡತಿ ಗಂಧಕ್ಕೆ ಅಂಗೈ ಅದ್ದಿ ನೆತ್ತಿಗೆ ಮೆತ್ತಿದಳು. ಅಬ್ಬಾ! ಮೊದಲೇ ಚಳಿ, ಮೇಲೆ ಹೊಳೆ ಗಾಳಿ. ಆ ತಂಪು ನೆತ್ತಿಯಿಂದ ಕತ್ತಿಗೆ, ಕತ್ತಿನಿಂದ ಬೆನ್ನಿಗೆ ಇಳಿಯಿತು. ಕಣ್ಣಲ್ಲಿ ನೀರು ಬಂತು. ಚಳಿಗೆ ಅಂದುಕೊಳ್ಳಿ.

ಐದು ವರ್ಷದವನಿದ್ದಾಗ ಇದೇ ಮೆಟ್ಟಿಲ ಮೇಲೆ ನನ್ನ ತಲೆಗೆ ಗಂಧ ಹಚ್ಚಿದವಳು ಅಜ್ಜಿ. ನಾನು ಕಿರುಚಿ ಹೊಳೆದಂಡೆ ಎಬ್ಬಿಸಿದ್ದೆ. "ಅಳಬ್ಯಾಡ ಮಗಾ, ನಂಜುಂಡಪ್ಪ ವಿಷಾನೇ ಕುಡ್ದವ್ನೆ. ನಿನ್ ಕೂದ್ಲು ಯಾವ ಲೆಕ್ಕ?" ಅಂದಿದ್ದಳು. ಕಳೆ ಕಿತ್ತು ಕಿತ್ತು ಅವಳ ಅಂಗೈ ಒರಟು. ಗಂಧದ ತಂಪಿನ ಕೆಳಗೆ ಆ ಒರಟು ಉಜ್ಜಿದ್ದು ಇವತ್ತಿಗೂ ನೆತ್ತಿಯಲ್ಲಿದೆ. ಅವಳ ಮುಖ ಕೂಡ ಅಷ್ಟು ಸರಿಯಾಗಿ ನೆನಪಿಲ್ಲ ನನಗೆ.

ಆಗ ರೈಲಿನಲ್ಲಿ ಬರುತ್ತಿದ್ದೆವು. 1735ರಲ್ಲಿ ಕಟ್ಟಿದ ಆ ಹಳೇ ಸೇತುವೆ ಮೇಲೇ ರೈಲೂ ಹೋಗುತ್ತಿತ್ತು, ಬಸ್ಸೂ ಹೋಗುತ್ತಿತ್ತು. ಸೇತುವೆ ಬಂದ ಕೂಡಲೇ ಅಜ್ಜಿ ಸೆರಗಿನ ಗಂಟು ಬಿಚ್ಚಿ ಹತ್ತು ಪೈಸೆ ಹೊಳೆಗೆ ಎಸೆದು ಕೈಮುಗಿಯುವಳು. ಊರಿಗೆ ವಾಪಸ್ ಹೋಗುವಾಗ ಎರಡು ಪೊಟ್ಟಣ ಗುಲಾಬಿ ಬಣ್ಣದ ಹಲ್ಲುಪುಡಿ, ಒಂದು ಚಿಪ್ಪು ರಸಬಾಳೆ. ಇಷ್ಟಿಲ್ಲದೆ ಅವಳ ಯಾತ್ರೆ ಮುಗಿಯುತ್ತಿರಲಿಲ್ಲ. ಹಲ್ಲುಪುಡಿಯೂ ಅವಳಿಗೆ ಪ್ರಸಾದವೇ. ವೈದ್ಯ ಅಂತಲೇ ಹೆಸರಾದ ಹಕೀಂ ನಂಜುಂಡನ ಊರಿನ ಔಷಧಿ ಅಲ್ವಾ! ಈ ಸಲ ರಸಬಾಳೆ ಕೇಳಿದೆ. ಅಂಗಡಿಯವನು ಏಲಕ್ಕಿಬಾಳೆ ಎತ್ತಿ ತೋರಿಸಿ ನಕ್ಕ.

ಬೋಳಾದ ಮೇಲೆ ನಂಜನಗೂಡು ಬೇರೆಯೇ ಊರು. ಸಾಲಿನಲ್ಲಿ ನನ್ನ ಮುಂದೆ ಒಂದೇ ಮನೆಯ ಆರು ಬೋಳು ತಲೆ, ಅಪ್ಪ, ಚಿಕ್ಕಪ್ಪ, ಮಕ್ಕಳು. ಪುಟ್ಟ ಹುಡುಗನೊಬ್ಬ ಯಾರ್‍ಯಾರದೋ ಪಂಚೆ ಹಿಡಿದು "ಅಪ್ಪಾ" ಅನ್ನುತ್ತಿದ್ದ. ನನ್ನದನ್ನೂ ಹಿಡಿದ. ಮುಡಿ ಕೊಟ್ಟವರ ಕಿವಿಗಳು ಮಾತ್ರ ಒಬ್ಬರದು ಇನ್ನೊಬ್ಬರಂತೆ ಇರಲ್ಲ, ನೋಡಿ. ಆಮೇಲೆ ತಲೆಯೆತ್ತಿದೆ. ಮುಮ್ಮಡಿ ಕೃಷ್ಣರಾಜರ ರಾಣಿ ದೇವಾಜಮ್ಮಣ್ಣಿ 1845ರಲ್ಲಿ ಕಟ್ಟಿಸಿದ ಗೋಪುರ. ಮೇಲೆ ಏಳು ಚಿನ್ನದ ಕಳಶ ಹೊಳೆಯುತ್ತಿವೆ. ಕೆಳಗೆ ಗಂಧ ಮೆತ್ತಿಕೊಂಡ ನಮ್ಮವು, ಎಣಿಸಿದವರಿಲ್ಲ.

ಒಳಗೆ ಏನು ಬೇಡಿಕೊಂಡೆ ಅಂತ ಕೇಳಬೇಡಿ. ಶ್ರೀಕಂಠನ ಮುಂದೆ ನಿಂತಾಗ ಏನೂ ನೆನಪಾಗಲಿಲ್ಲ. ನೆತ್ತಿ ತಣ್ಣಗಿತ್ತು, ಅಷ್ಟೇ.

ಬೇಸರವಾದದ್ದು ಹೊಳೆ ನೋಡಿ. ಮುಳುಗಿ ಎದ್ದವರು ಉಟ್ಟ ಬಟ್ಟೆಯನ್ನು ಅಲ್ಲೇ ಬಿಡುತ್ತಾರೆ, ಪಾಪ ಹೋಯಿತು ಅಂತ. ಹದಿನಾರು ಕಾಲು ಮಂಟಪದ ಕಡೆ ನೋಡಿದರೆ ಮೆಟ್ಟಿಲ ಬುಡದಲ್ಲಿ ಲುಂಗಿ, ಸೀರೆ, ಶಾಂಪೂ ಚೀಟಿ. ನಮ್ಮಜ್ಜಿ ಒದ್ದೆ ಸೀರೆ ಹಿಂಡಿ, ಗಂಟು ಕಟ್ಟಿ, ಊರಿಗೇ ಹೊತ್ತು ತಂದು ಒಣಗಿಸುತ್ತಿದ್ದಳು. ಸೀರೆ ಬಿಡುವಷ್ಟು ಅನುಕೂಲ ಇರಲಿಲ್ಲ ಅನ್ನಿ. ಆದರೂ ಹೊಳೆಯಲ್ಲಿ ಎಂಜಲು ಉಗುಳಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಲೋಕದ ವಿಷವನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡವನ ಊರಿಗೆ ಬಂದು ನಾವು ಇನ್ನಷ್ಟು ಸುರಿದು ಹೋಗುವುದೇ? ಜಾಸ್ತಿ ಹೇಳಿದರೆ ಪ್ರವಚನ ಆಗುತ್ತದೆ, ಬಿಡಿ. ನನ್ನ ಒದ್ದೆ ಪಂಚೆಯನ್ನು ಚೀಲಕ್ಕೆ ತುರುಕಿಕೊಂಡೆ.

ಮೈಸೂರಿಗೆ ಹೊರಟ ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಗಾಳಿ ಬಡಿದ ಕೂಡಲೇ ಕೈ ತಾನಾಗಿಯೇ ಜೇಬಿಗೆ ಹೋಗಿ ಬಾಚಣಿಗೆ ತೆಗೆಯಿತು. ಎದುರಿಗೆ ಕೂತ ಬೋಳು ತಲೆಯ ಯಜಮಾನರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಸುಮ್ನೆ ತಮ್ಮ ಜೇಬಿನಿಂದಲೂ ಒಂದು ಬಾಚಣಿಗೆ ತೆಗೆದು ತೋರಿಸಿದರು.